ಅವಸರವಿಲ್ಲದ ಮುಂಬಯಿ

ಹೊಟ್ಟೆಪಾಡಿಗಾಗಿ ಒಂದು ನಗರದಲ್ಲಿ ಬಾಳುವುದು ಬೇರೆ. ಆ ನಗರವನ್ನು ಕಣ್ತುಂಬ ನೋಡುವುದು ಬೇರೆ. ಮುಂಬಯಿಯ ಕಚೇರಿಯೊಂದರಲ್ಲಿ ಇಪ್ಪತ್ತೆಂಟು ವರುಷ ದುಡಿದು, ನಿವೃತ್ತಿಯ ತರುವಾಯ ಪುಣೆಯಲ್ಲಿ ಮಗನ ಮನೆಯನ್ನು ಸೇರಿದ ನನ್ನಂಥವನಿಗೆ ಆ ಮಹಾನಗರವೆಂದರೆ ಬಹುಮಟ್ಟಿಗೆ ಡೊಂಬಿವಲಿಯ ಪ್ಲಾಟ್‌ಫಾರಂ, ಲೋಕಲ್ ಗಾಡಿಯ ಬಾಗಿಲು, ಕಚೇರಿಯ ಹಾಜರಿ ಪುಸ್ತಕ, ಇವಿಷ್ಟೆ. ಈ ಸಂಚಿಕೆಯ ವಾಚಕರಲ್ಲಿ ಹಲವರ ಅನುಭವವೂ ಇದಕ್ಕಿಂತ ಬಹಳ ಭಿನ್ನವಾಗಿರಲಾರದು.

2026ರ ಗಣರಾಜ್ಯೋತ್ಸವ ಸೋಮವಾರ ಬಿದ್ದುದರಿಂದ ಮೂರು ದಿನಗಳ ಬಿಡುವು ದೊರೆಯಿತು. ನಿವೃತ್ತನಿಗೆ ರಜೆಯ ಹಂಗೇನು ಎಂದು ಕೇಳಬಹುದು. ದಿನವೂ ಮೊಮ್ಮಗಳನ್ನು ಶಾಲೆಯ ಬಸ್ಸಿಗೆ ಹತ್ತಿಸುವವರಿಗೆ ರಜೆಯ ಬೆಲೆ ಗೊತ್ತು. ಮಗ ಮಹಾಬಲೇಶ್ವರದ ಹೆಸರೆತ್ತಿದ. ನನ್ನಾಕೆ ಒಪ್ಪಲಿಲ್ಲ. ಆಕೆಗೆ ಮೊಣಕಾಲಿನ ಸವೆತ. ಸಮತಟ್ಟಾದ ನೆಲದಲ್ಲಿ ನಿಧಾನವಾಗಿ ನಡೆಯಬೇಕೆಂದು ವೈದ್ಯರ ಸಲಹೆ. "ಬೆಟ್ಟದ ಮೇಲೆ ಹತ್ತುವುದು, ಇಳಿಯುವುದು ಇದೇ ಆದೀತು. ಮರೀನ್ ಡ್ರೈವಿನಷ್ಟು ಸಪಾಟಾದ ದಾರಿ ಇನ್ನೆಲ್ಲಿದೆ?" ಎಂದಳು. ಮರುಮಾತಿಗೆ ಎಡೆಯಿರಲಿಲ್ಲ.

ಶನಿವಾರ ಬೆಳಿಗ್ಗೆ ಡೆಕ್ಕನ್ ಕ್ವೀನ್ ಗಾಡಿಯಲ್ಲಿ ಹೊರಟೆವು. 1930ರಿಂದಲೂ ಈ ಎರಡು ಊರುಗಳ ನಡುವೆ ಓಡುತ್ತಿರುವ ಈ ಗಾಡಿಯ ಊಟದ ಡಬ್ಬಿಯಲ್ಲಿ ಕುಳಿತು ಘಟ್ಟ ಇಳಿಯುವ ಸುಖವನ್ನು ಬಣ್ಣಿಸಹೊರಟರೆ ಪುಟಗಳು ಸಾಲವು. ಚರ್ಚ್‌ಗೇಟಿನ ಬಳಿ ಸಾಧಾರಣವಾದೊಂದು ವಸತಿಗೃಹದಲ್ಲಿ ಇಳಿದುಕೊಂಡು, ಬೆಳಿಗ್ಗೆ ಒಂದೇ ಸ್ಥಳ, ಮಧ್ಯಾಹ್ನ ನಿದ್ರೆ, ಸಂಜೆ ಸಮುದ್ರ ಎಂಬ ನಿಯಮವನ್ನು ಹಾಕಿಕೊಂಡೆವು.

ಮೊದಲ ದಿನ ನೋಡಿದ್ದು ವಿಶ್ವವಿದ್ಯಾಲಯದ ರಾಜಾಬಾಯಿ ಗೋಪುರ. ನನ್ನ ಕಚೇರಿ ಅಲ್ಲಿಂದ ಕೂಗಳತೆಯ ದೂರದಲ್ಲಿತ್ತು. ಇಷ್ಟು ವರುಷ ಆ ಗಡಿಯಾರವನ್ನು ನೋಡಿದ್ದು ಎಷ್ಟು ನಿಮಿಷ ತಡವಾಯಿತೆಂದು ತಿಳಿಯಲು ಮಾತ್ರ. ಈಗ ಓವಲ್ ಮೈದಾನದ ಅಂಚಿನಲ್ಲಿ ಕುಳಿತು ಬುಡದಿಂದ ಶಿಖರದವರೆಗೆ ದಿಟ್ಟಿಸಿದೆ. 1878ರಲ್ಲಿ ಪೂರ್ಣಗೊಂಡ ಈ ಗೋಪುರಕ್ಕೆ ಹಣ ನೀಡಿದ ಪ್ರೇಮಚಂದ ರಾಯಚಂದರು ಅದಕ್ಕೆ ತಮ್ಮ ತಾಯಿಯ ಹೆಸರಿಡಿಸಿದರು. ಆಕೆಗೆ ಕಣ್ಣು ಕಾಣುತ್ತಿರಲಿಲ್ಲ, ಜೈನ ಆಚಾರದಂತೆ ಸೂರ್ಯಾಸ್ತಕ್ಕೆ ಮೊದಲೇ ಊಟ ಮುಗಿಸಲು ಈ ಗಂಟೆಯ ಸದ್ದೇ ಅವರಿಗೆ ಆಧಾರವಾಗಿತ್ತು ಎಂಬ ಪ್ರತೀತಿಯುಂಟು. ಇದನ್ನು ಹೇಳಿದಾಗ ನನ್ನಾಕೆ ನಕ್ಕಳು. "ಆ ಗಂಟೆಯ ಕೆಳಗೇ ದುಡಿದ ನೀವು ರಾತ್ರಿ ಹತ್ತಕ್ಕೆ ಮೊದಲು ಎಂದು ಉಂಡಿದ್ದೀರಿ?"

ಎರಡು ಸಂಜೆಗಳನ್ನೂ ಮರೀನ್ ಡ್ರೈವಿಗೇ ಮೀಸಲಿಟ್ಟೆವು. ಸುಮಾರು 3.5 ಕಿಲೋಮೀಟರ್ ಉದ್ದಕ್ಕೆ ಏರಿಳಿತವಿಲ್ಲದ ಕಾಲುದಾರಿ. ದಣಿದಲ್ಲಿ ಕುಳಿತುಕೊಳ್ಳಲು ಉದ್ದಕ್ಕೂ ಕಟ್ಟೆ. ಮಂಡಿನೋವಿನವರಿಗೆಂದೇ ನಿರ್ಮಿಸಿದಂತಿದೆ. ಹತ್ತು ನಿಮಿಷ ನಡಿಗೆ, ಐದು ನಿಮಿಷ ವಿಶ್ರಾಂತಿ. ಒಂದು ಬದಿಗೆ ಕಡಲು, ಇನ್ನೊಂದು ಬದಿಗೆ ದುಂಡು ಮೂಲೆಗಳ ಹಳೆಯ ಕಟ್ಟಡಗಳು. ಈ ಶೈಲಿಯ ಕಟ್ಟಡಗಳನ್ನೂ ಓವಲ್ ಮೈದಾನದ ಸುತ್ತಣ ವಿಕ್ಟೋರಿಯಾ ಕಾಲದ ಸೌಧಗಳನ್ನೂ ಒಟ್ಟಾಗಿ ಯುನೆಸ್ಕೋ ಸಂಸ್ಥೆ 2018ರಲ್ಲಿ ವಿಶ್ವ ಪರಂಪರೆಯ ಪಟ್ಟಿಗೆ ಸೇರಿಸಿತು. ಡೊಂಬಿವಲಿಯಲ್ಲಿ ಸಂಸಾರ ಮಾಡಿದಷ್ಟು ಕಾಲದಲ್ಲಿ ನನ್ನಾಕೆ ಈ ಕಟ್ಟೆಯ ಮೇಲೆ ಕುಳಿತದ್ದು ನಾಲ್ಕು ಸಲ. ಆ ನಾಲ್ಕೂ ಸಲ ಊರಿನಿಂದ ಬಂದ ನೆಂಟರಿಗೆ ತೋರಿಸಲೆಂದು. ಅದನ್ನು ಆಕೆ ಬೆರಳು ಮಡಚಿ ಲೆಕ್ಕ ಹೇಳಿದಳು, ಆಕ್ಷೇಪಿಸುವ ದನಿಯಲ್ಲಲ್ಲ.

ಭಾನುವಾರ ಮಾಟುಂಗಾ. 2025ರ ಅಕ್ಟೋಬರಿನಲ್ಲಿ ಕಫ್ ಪರೇಡಿನವರೆಗೂ ತೆರೆದ ನೆಲದಡಿಯ ಮೆಟ್ರೋದಲ್ಲಿ ದಾದರಿಗೆ ಹೋಗಿ, ಅಲ್ಲಿಂದ ಟ್ಯಾಕ್ಸಿ ಹಿಡಿದೆವು. ಹಳೆಯ ಪ್ರೀಮಿಯರ್ ಪದ್ಮಿನಿ ಟ್ಯಾಕ್ಸಿಗಳು 2023ರಲ್ಲೇ ಕಣ್ಮರೆಯಾದವು. ಹಾಗೆ ನೋಡಿದರೆ ಬೆನ್ನುಹುರಿಯ ದೃಷ್ಟಿಯಿಂದ ಅದರಲ್ಲಿ ವಿಷಾದಪಡುವಂಥದು ಹೆಚ್ಚೇನೂ ಇಲ್ಲ. 1942ರಲ್ಲಿ ಆರಂಭವಾದ ರಾಮ ನಾಯಕರ ಉಡುಪಿ ಶ್ರೀಕೃಷ್ಣ ಬೋರ್ಡಿಂಗಿನಲ್ಲಿ ಬಾಳೆಯೆಲೆಯ ಊಟ. 1926ರಲ್ಲಿ ಸ್ಥಾಪಿತವಾದ ಮೈಸೂರು ಅಸೋಸಿಯೇಷನ್ನಿಗೆ ಇದು ಶತಮಾನದ ವರುಷ. ಅದರ ಮುಂದೆ ಒಂದು ಕ್ಷಣ ನಿಂತು ಬಂದೆವು.

ಉಡುಪಿ ಊಟದ ಮಾತು ಬಂದರೆ ನನಗೆ ನೆನಪಾಗುವವನು ನನ್ನ ಹಳೆಯ ಸಹವಾಸಿ. ಹದಿಮೂರರ ಹರೆಯದಲ್ಲಿ ದಕ್ಷಿಣ ಕನ್ನಡದಿಂದ ಬಂದು, ಕೋಟೆ ಪ್ರದೇಶದ ಹೋಟೆಲಿನಲ್ಲಿ ಹಗಲೆಲ್ಲ ಮೇಜು ಒರೆಸಿ, ರಾತ್ರಿ ಕನ್ನಡ ಶಾಲೆಯಲ್ಲಿ ಓದಿ, ಬ್ಯಾಂಕಿನ ಗುಮಾಸ್ತನಾದವನು. ರಾತ್ರಿಶಾಲೆಗಳು ಅಂಥ ಎಷ್ಟೋ ಹುಡುಗರ ಕೈಹಿಡಿದವು. ಆತ ಈಗಲೂ ಡೊಂಬಿವಲಿಯಲ್ಲೇ ಇದ್ದಾನೆ. ಸೋಮವಾರವನ್ನು ಅವನಿಗಾಗಿ ಇರಿಸಿಕೊಂಡಿದ್ದೆವು.

ಮೂರನೆಯ ಮಹಡಿ, ಲಿಫ್ಟಿಲ್ಲದ ಹಳೆಯ ಕಟ್ಟಡ. ಸ್ನಾನದ ಮನೆಯಲ್ಲಿ ಜಾರಿಬಿದ್ದು ಕಾಲಿನ ಎಲುಬು ಮುರಿದು ಎಂಟು ತಿಂಗಳಾಗಿದ್ದವು. ಎಲುಬು ಕೂಡಿದೆ, ಮೆಟ್ಟಿಲನ್ನೂ ಇಳಿಯಬಹುದು ಎಂದು ವೈದ್ಯರು ಹೇಳಿ ಮೂರು ತಿಂಗಳು. ಆತ ಇಳಿದಿರಲಿಲ್ಲ. "ಇಳಿದು ಏನು ಮಾಡಲಿ, ಮಾರಾಯ? ಹಾಲು, ತರಕಾರಿ, ಔಷಧ ಎಲ್ಲವೂ ಫೋನು ಮಾಡಿದರೆ ಬಾಗಿಲಿಗೇ ಬರುತ್ತವೆ" ಎಂದ. ತೊಡೆಗಳು ಬಡವಾಗಿದ್ದವು, ಸಂಜೆಯಾದರೆ ಪಾದಗಳಲ್ಲಿ ಬಾವು. ಬಳಸದ ಸ್ನಾಯು ಎಷ್ಟು ಬೇಗ ಕರಗುತ್ತದೆಂಬುದನ್ನು ವೈದ್ಯಗ್ರಂಥದಲ್ಲಿ ಓದಬೇಕಾಗಿಲ್ಲ. ನಮ್ಮ ಮಹಾನಗರಗಳ ಇಂಥ ಕಟ್ಟಡಗಳಲ್ಲಿ ನಮ್ಮ ತಲೆಮಾರಿನ ಎಷ್ಟು ಮಂದಿ ಹೀಗೆ ಮೇಲೆಯೇ ಉಳಿದುಬಿಟ್ಟಿದ್ದಾರೆಂದು ಯಾವ ಸಂಘವಾದರೂ ಮನೆಮನೆಗೆ ಹೋಗಿ ವಿಚಾರಿಸಬಾರದೇಕೆ?

ಮೆಟ್ಟಿಲಿನ ಕ್ರಮವನ್ನು ಕಲಿಸಿದವಳು ನನ್ನಾಕೆ. ಇಳಿಯುವಾಗ ನೋವಿನ ಕಾಲು ಮೊದಲು, ಹತ್ತುವಾಗ ಗಟ್ಟಿಯಾದ ಕಾಲು ಮೊದಲು. ಎರಡೂ ಪಾದಗಳು ಒಂದೇ ಮೆಟ್ಟಿಲಿನ ಮೇಲೆ ಕೂಡಿದ ಬಳಿಕವೇ ಮುಂದಿನ ಹೆಜ್ಜೆ. ಕೈ ಸದಾ ಕಂಬಿಯ ಮೇಲೆ. ಮೈಭಾರವನ್ನು ಎತ್ತುವ, ಇಳಿಸುವ ಕೆಲಸ ಹೀಗೆ ಗಟ್ಟಿ ಕಾಲಿನ ಪಾಲಿಗೆ ಬರುತ್ತದೆ. "ಅತ್ತಿಗೆ, ನಾನು ಬಿದ್ದರೆ?" ಎಂದ. "ಮುಂದೆ ಇವರಿದ್ದಾರೆ, ಮೆತ್ತಗೆ ಬೀಳುತ್ತೀರಿ" ಎಂದಳು.

ನಾನು ಒಂದು ಮೆಟ್ಟಿಲು ಕೆಳಗೆ, ಅವನತ್ತ ಮುಖಮಾಡಿ. ನೆರೆಯ ಮರಾಠಿ ಮಹಿಳೆ ಪ್ರತಿ ಮಹಡಿಯ ತಿರುವಿನಲ್ಲೂ ಒಂದೊಂದು ಕುರ್ಚಿ ಹಾಕಿಸಿದರು. ನೆಲ ಮುಟ್ಟಲು ಇಪ್ಪತ್ತು ನಿಮಿಷ ಹಿಡಿಯಿತು. ಮೂಲೆಯ ಚಹದಂಗಡಿಯವನು ಪಾತ್ರೆ ಬಿಟ್ಟು ಎದ್ದುಬಂದು, "ಕಾಕಾ, ಕಿತೀ ದಿವಸಾಂನೀ!" ಎಂದು ಕೈಹಿಡಿದುಕೊಂಡ. ಬಿಸಿಲಿನಲ್ಲಿ ಕುಳಿತು ಅರ್ಧ ಗಂಟೆ ಚಹ ಕುಡಿದೆವು; ಆತ ದುಡ್ಡು ತೆಗೆದುಕೊಳ್ಳಲಿಲ್ಲ.

ಹತ್ತುವಾಗ ಎರಡನೆಯ ಮಹಡಿಯ ಕುರ್ಚಿಯಲ್ಲಿ ಏದುಸಿರು ಬಿಡುತ್ತ ಗೆಳೆಯನೆಂದ: "ನಾಳೆ ಪೇಪರನ್ನು ನಾನೇ ಇಳಿದು ತರುತ್ತೇನೆ."

ಮೇಲಿನಿಂದ ಅವನ ಹೆಂಡತಿ ಇಣುಕಿದರು. "ಇವತ್ತು ಪೇಪರಿನವರಿಗೂ ರಜೆ, ನಾಳೆ ಪೇಪರಿಲ್ಲ. ನಾಡಿದ್ದು ತನ್ನಿ."

ಸಂಜೆ ಕಲ್ಯಾಣದಲ್ಲಿ ಪುಣೆಯ ಗಾಡಿ ಹಿಡಿದೆವು. ಬುಧವಾರ ಬೆಳಿಗ್ಗೆ ಎಂಟೂವರೆಗೆ ಆತ ಚಹದಂಗಡಿಯಿಂದಲೇ ಫೋನು ಮಾಡಿದ.