ಗೂಡಿನ ಮೇಲೆ ಕಣ್ಣಿರಲಿ, ಕೈ ಬೇಡ

ಗಿಡಕ್ಕೆ ನೀರು ಹಾಕಲು ಬಾಲ್ಕನಿಗೆ ಹೋದಾಗ ಪುರ್ರನೆ ಹಕ್ಕಿಯೊಂದು ಹಾರಿಹೋಯಿತೇ? ಎಲೆಗಳ ಸಂದಿಯಲ್ಲಿ ಬಟ್ಟಲಿನಂಥ ಪುಟ್ಟ ಗೂಡು ಕಾಣಿಸಿತೇ? ಹಕ್ಕಿಯ ತಲೆ ಮೇಲೆ ಕಪ್ಪು ಜುಟ್ಟು, ಕೆನ್ನೆ ಮೇಲೆ ಕೆಂಪು ಮಚ್ಚೆ ಇದ್ದರೆ ಅದು ಪಿಕಳಾರ. ನಾವು ಬುಲ್‌ಬುಲ್ ಅಂತೀವಲ್ಲ, ಅದೇ.

ನಮ್ಮನೆಗೂ ಬಂದಿತ್ತು. ಖುಷಿಯಲ್ಲಿ ನಾನು ಮಾಡಿದ ಎಡವಟ್ಟನ್ನು ಮೊದಲೇ ಹೇಳಿಬಿಡುತ್ತೇನೆ. ದಿನಕ್ಕೆ ಹತ್ತು ಸಲ ಇಣುಕಿದೆ. ಪಕ್ಕದ ಮನೆಯವರನ್ನೆಲ್ಲ ಕರೆದು ತೋರಿಸಿದೆ. ಫೋಟೊ ಚೆನ್ನಾಗಿ ಬರಲಿ ಅಂತ ಅಡ್ಡವಿದ್ದ ನಾಲ್ಕು ಎಲೆ ಕತ್ತರಿಸಿದೆ. ಮರುದಿನ ಕಾಗೆ ಬಂತು, ಗೂಡು ಖಾಲಿಯಾಯಿತು. ತಾಯಿಹಕ್ಕಿ ಬಾಯಲ್ಲಿ ಹುಳ ಹಿಡಿದುಕೊಂಡು ಸಂಜೆವರೆಗೂ ಬಟ್ಟೆ ಒಣಹಾಕುವ ತಂತಿಯ ಮೇಲೆ ಕೂತಿತ್ತು. ಮಗಳು ಎರಡು ದಿನ ನನ್ನ ಜೊತೆ ಮಾತಾಡಲಿಲ್ಲ.

ಹಾಗಾದರೆ ನೋಡಲೇಬಾರದಾ? ನೋಡಬೇಕು, ಆದರೆ ಲೆಕ್ಕವಿಟ್ಟು. ಅಮೆರಿಕದ ವಾಷಿಂಗ್ಟನ್ ಸುತ್ತಮುತ್ತ ಸ್ಮಿತ್ಸೋನಿಯನ್ ಸಂಸ್ಥೆ 2000ದಲ್ಲಿ ಇಂಥದ್ದೇ ಕೆಲಸವನ್ನು ಮನೆಮಂದಿಯ ಕೈಗೆ ಕೊಟ್ಟಿತು. ಸಂಶೋಧಕರು ಮನೆಗೇ ಬಂದು ಹಕ್ಕಿಗಳ ಕಾಲಿಗೆ ಬಣ್ಣದ ಬಳೆ ತೊಡಿಸುತ್ತಿದ್ದರು. ಯಾವ ಹಕ್ಕಿ ಮರಳಿ ಬಂತು, ಎಲ್ಲಿ ಗೂಡು ಕಟ್ಟಿತು, ಮರಿ ಹಾರಿತೋ ಇಲ್ಲವೋ ಅಂತ ಬರೆದಿಡುವುದು ಮನೆಯವರ ಪಾಲಾಗಿತ್ತು. ಇಂಥ ಹಿತ್ತಿಲುಗಳಲ್ಲೇ ನಡೆದ, 2018ರಲ್ಲಿ ಪ್ರಕಟವಾದ ಅಧ್ಯಯನ ಏನು ಹೇಳಿತು ಗೊತ್ತಾ? ಅಂದಕ್ಕೆ ತಂದ ಪರದೇಶದ ಗಿಡಗಳೇ ತುಂಬಿದ್ದ ಕಡೆ ಚಿಕಡಿ ಎಂಬ ಪುಟ್ಟ ಹಕ್ಕಿಯ ಮರಿಗಳಿಗೆ ಸಾಕಷ್ಟು ಕಂಬಳಿಹುಳವೇ ಸಿಗುತ್ತಿರಲಿಲ್ಲ. ಅದರ ಸಂಸಾರ ನಿಲ್ಲಬೇಕಾದರೆ ಹಸಿರಿನಲ್ಲಿ ಶೇ. 70ರಷ್ಟಾದರೂ ಅಲ್ಲಿನ ನಾಡಗಿಡಗಳೇ ಇರಬೇಕಂತೆ!

ಇನ್ನು ನಿಮ್ಮ ಗೂಡಿನ ವಿಷಯ. ಮೂರು ನಾಲ್ಕು ದಿನಕ್ಕೊಮ್ಮೆ, ತಾಯಿ ಆಚೆ ಹೋದಾಗ, ಒಂದು ನಿಮಿಷದೊಳಗೆ ನೋಡಿ ಬಂದುಬಿಡಿ. ಬೆಳಗ್ಗೆ ಹೊತ್ತು, ಕತ್ತಲಾದ ಮೇಲೆ ಬೇಡ. ಹತ್ತಿರದಲ್ಲಿ ಕಾಗೆ, ಬೆಕ್ಕು ಇದ್ದರೆ ಆ ದಿನ ಹೋಗಲೇಬೇಡಿ. ತಾರೀಖು, ಮೊಟ್ಟೆ ಎಷ್ಟು, ಮರಿ ಎಷ್ಟು, ಇಷ್ಟು ಬರೆದರೆ ಸಾಕು. ಗೂಡು ಕೆಟ್ಟರೆ ಅದನ್ನೂ ಬರೆಯಿರಿ, ಸೋಲಿನ ಲೆಕ್ಕವೂ ಲೆಕ್ಕವೇ. ಪಿಕಳಾರ ಕಾವು ಕೂರುವುದು ಹೆಚ್ಚುಕಡಿಮೆ 12 ದಿನ, ಮರಿ ಗೂಡಲ್ಲಿರುವುದೂ ಅಷ್ಟೇ. ಒಂದು ತಿಂಗಳು ಬಟ್ಟೆ ಬೇರೆ ಕಡೆ ಒಣಹಾಕಿದರೆ ಗಂಟೇನು ಹೋಗಲ್ಲ ಬಿಡಿ. ಆ ದಿನಗಳಲ್ಲಿ ಗಿಡಕ್ಕೆ ಕೀಟನಾಶಕ ಹೊಡೆಯಬೇಡಿ. ಮರಿ ಹಾರುವ ಕೊನೇ ದಿನಗಳಲ್ಲಂತೂ ಹತ್ತಿರ ಸುಳಿಯಬೇಡಿ, ಹೆದರಿ ಹೊರಗೆ ಜಿಗಿದುಬಿಡುತ್ತವೆ.

ಪುಕ್ಕ ಬಾರದ ಮರಿ ಕೆಳಗೆ ಬಿದ್ದಿದ್ದರೆ ಮೆಲ್ಲಗೆ ಎತ್ತಿ ಗೂಡಿಗಿಡಿ. ಮನುಷ್ಯ ಮುಟ್ಟಿದರೆ ತಾಯಿ ಸೇರಿಸಲ್ಲ ಅನ್ನೋದು ಬರೀ ಮಾತು. ಪುಕ್ಕ ಬಂದು ಕುಪ್ಪಳಿಸುವ ಮರಿಯಾದರೆ ಬೆಕ್ಕನ್ನು ಒಳಗೆ ಕೂಡಿಹಾಕಿ, ಮರಿಯನ್ನು ಅದರ ಪಾಡಿಗೆ ಬಿಡಿ. ಅಮ್ಮ ಅಲ್ಲೇ ಎಲ್ಲೋ ಇರುತ್ತಾಳೆ.

ನೀವು ಬರೆದಿಟ್ಟದ್ದನ್ನು ಇ-ಬರ್ಡ್ ಆ್ಯಪ್‌ನಲ್ಲಿ ಸೇರಿಸಬಹುದು. ಗೂಡು ಕಟ್ಟುತ್ತಿದೆ, ಮರಿ ಇದೆ ಅಂತ ಗುರುತು ಹಾಕುವ ವ್ಯವಸ್ಥೆ ಅದರಲ್ಲಿದೆ. ಗೂಡಿನ ಫೋಟೊವನ್ನು ಮಾತ್ರ ಅಪಾರ್ಟ್‌ಮೆಂಟಿನ ವಾಟ್ಸ್ಆ್ಯಪ್ ಗುಂಪಿಗೆ ಹಾಕಬೇಡಿ. ಸಾಲುಗಟ್ಟಿ ಬರ್ತಾರೆ, ನನಗೆ ಅನುಭವವಾಗಿದೆ!

ಮುಂದಿನ ವರ್ಷ ಜೋಡಿಯೊಂದು ಮತ್ತೆ ಬಂತು. ಈ ಸಲ ಕರ್ಟನ್ ಸಂದಿಯಿಂದ ನೋಡುವ ಕೆಲಸ ಮಗಳದ್ದು. ಕ್ಯಾಲೆಂಡರಿನಲ್ಲಿ ಹಾಲಿನ ಲೆಕ್ಕದ ಪಕ್ಕ ಅವಳದೇ ಅಕ್ಷರ: ‘ಮೊಟ್ಟೆ 3. ಮರಿ 2. ಗೂಡು ಖಾಲಿ. ಇಬ್ಬರೂ ಎದುರಿನ ಹೊಂಗೆ ಮರದಲ್ಲಿ.’