ನೀರಿನ ಕೊಳವೆಗಳ ಹೆಪ್ಪುಗಟ್ಟುವಿಕೆ

ನೀರಿನ ಕೊಳವೆಗಳ ಹೆಪ್ಪುಗಟ್ಟುವಿಕೆ ಎಂಬುದು ಚಳಿಗಾಲದಲ್ಲಿ ಉಷ್ಣತೆಯು 0 °C ಗಿಂತ ಕೆಳಗಿಳಿದಾಗ ಕಟ್ಟಡದ ಕೊಳವೆಗಳೊಳಗಿನ ನೀರು ಮಂಜುಗಡ್ಡೆಯಾಗಿ ಮಾರ್ಪಡುವ ವಿದ್ಯಮಾನ. ಇದರಿಂದ ನೀರಿನ ಹರಿವು ನಿಲ್ಲುತ್ತದೆ. ಅನೇಕ ಸಂದರ್ಭಗಳಲ್ಲಿ ಕೊಳವೆಯೇ ಬಿರಿದು, ಮಂಜುಗಡ್ಡೆ ಕರಗಿದ ಬಳಿಕ ಮನೆಯೊಳಗೆ ನೀರು ನುಗ್ಗಿ ಗೋಡೆ, ನೆಲಹಾಸು ಹಾಗೂ ವಿದ್ಯುತ್ ತಂತಿಗಳು ಹಾಳಾಗುತ್ತವೆ. ಉತ್ತರ ಅಮೆರಿಕ, ಯುರೋಪ್, ಉತ್ತರ ಏಷ್ಯಾ ಹಾಗೂ ಹಿಮಾಲಯದ ಎತ್ತರದ ಪ್ರದೇಶಗಳಲ್ಲಿ ಇದು ಪ್ರತಿ ಚಳಿಗಾಲದ ಸಮಸ್ಯೆ. ಸಾಮಾನ್ಯವಾಗಿ ಬೆಚ್ಚಗಿರುವ ಪ್ರದೇಶಗಳಲ್ಲಿ ಅಪರೂಪಕ್ಕೆ ತೀವ್ರ ಚಳಿ ಬಂದಾಗ ಹಾನಿಯು ಇನ್ನೂ ಹೆಚ್ಚಾಗಬಹುದು. ಅಲ್ಲಿನ ಮನೆಗಳನ್ನು ಅಂತಹ ಚಳಿಯನ್ನು ಗಮನದಲ್ಲಿಟ್ಟು ಕಟ್ಟಿರುವುದಿಲ್ಲ ಎಂಬುದೇ ಇದಕ್ಕೆ ಕಾರಣ.

ಭೌತಿಕ ಹಿನ್ನೆಲೆ

ಬಹುತೇಕ ದ್ರವಗಳು ಘನರೂಪಕ್ಕೆ ಬಂದಾಗ ಕುಗ್ಗುತ್ತವೆ. ನೀರು ಇದಕ್ಕೆ ಅಪವಾದ. ತಣ್ಣಗಾಗುತ್ತಾ ಹೋದಂತೆ ನೀರಿನ ಸಾಂದ್ರತೆಯು ಸುಮಾರು 4 °C ನಲ್ಲಿ ಗರಿಷ್ಠ ಮಟ್ಟವನ್ನು ತಲುಪುತ್ತದೆ. ಅದಕ್ಕಿಂತ ಕೆಳಗೆ ನೀರು ಮತ್ತೆ ಹಿಗ್ಗತೊಡಗುತ್ತದೆ. ಮಂಜುಗಡ್ಡೆಯಾಗುವಾಗ ಅಣುಗಳು ಜಲಜನಕ ಬಂಧಗಳ ಮೂಲಕ ಷಟ್ಕೋನಾಕಾರದ ತೆರವಾದ ಜಾಲವಾಗಿ ಜೋಡಣೆಗೊಳ್ಳುವುದರಿಂದ ಗಾತ್ರವು ಸುಮಾರು ಶೇಕಡಾ 9ರಷ್ಟು ಹೆಚ್ಚುತ್ತದೆ.

ಈ ಹಿಗ್ಗುವಿಕೆಗೆ ಜಾಗ ದೊರೆಯದಿದ್ದರೆ ಅಪಾರ ಒತ್ತಡ ಉಂಟಾಗುತ್ತದೆ. ಪೂರ್ಣವಾಗಿ ಮುಚ್ಚಿದ, ಹಿಗ್ಗದ ಪಾತ್ರೆಯೊಂದರಲ್ಲಿ ನೀರನ್ನು −22 °C ವರೆಗೆ ತಣಿಸಿದರೆ ಒಳಗಿನ ಒತ್ತಡವು ಸೈದ್ಧಾಂತಿಕವಾಗಿ ವಾತಾವರಣದ ಒತ್ತಡದ 2,000 ಪಟ್ಟನ್ನು ಮೀರಬಲ್ಲದು. ಮನೆಗೆ ಬರುವ ನೀರಿನ ಒತ್ತಡವು ಇದರ ಮುಂದೆ ತೀರಾ ಅಲ್ಪ. ಸಾಮಾನ್ಯವಾಗಿ ಅದು ವಾತಾವರಣದ ಒತ್ತಡದ ಕೆಲವೇ ಪಟ್ಟು ಇರುತ್ತದೆ. 1784–85ರ ಚಳಿಗಾಲದಲ್ಲಿ ಎಡ್ವರ್ಡ್ ವಿಲಿಯಮ್ಸ್ ಎಂಬ ಬ್ರಿಟಿಷ್ ಸೇನಾಧಿಕಾರಿಯು ಕೆನಡಾದ ಕ್ವಿಬೆಕ್‌ನಲ್ಲಿ ಕಬ್ಬಿಣದ ಟೊಳ್ಳು ಗುಂಡುಗಳಲ್ಲಿ ನೀರು ತುಂಬಿಸಿ, ಬಾಯಿಗೆ ಬಿರಡೆ ಹೊಡೆದು ಬಯಲಿನ ಚಳಿಯಲ್ಲಿ ಇರಿಸಿ ಪರೀಕ್ಷಿಸಿದನು. ಕೆಲವು ಗುಂಡುಗಳ ಬಿರಡೆಗಳು ದೂರಕ್ಕೆ ಸಿಡಿದವು. ಬಿರಡೆ ಗಟ್ಟಿಯಾಗಿ ನಿಂತ ಕಡೆ ಗುಂಡುಗಳೇ ಬಿರಿದವು.

ನೀರು ಹೆಪ್ಪುಗಟ್ಟಲು ಸಮಯ ಬೇಕಾಗುತ್ತದೆ. 0 °C ನಲ್ಲಿರುವ ಒಂದು ಕಿಲೋಗ್ರಾಂ ನೀರು ಮಂಜುಗಡ್ಡೆಯಾಗಲು ಸುಮಾರು 334 ಕಿಲೋಜೌಲ್ ಗುಪ್ತೋಷ್ಣವನ್ನು ಹೊರಬಿಡಬೇಕು. ಅದೇ ನೀರನ್ನು 10 °C ನಿಂದ 0 °C ಗೆ ತಣಿಸಲು ಕಳೆಯಬೇಕಾದ ಶಾಖವು ಸುಮಾರು 42 ಕಿಲೋಜೌಲ್ ಮಾತ್ರ. ಆದ್ದರಿಂದ ಅಲ್ಪಕಾಲದ ಚಳಿಯಿಂದ ಕೊಳವೆಗಳಿಗೆ ತೊಂದರೆಯಾಗುವುದು ಕಡಿಮೆ. ರಾತ್ರಿಯಿಡೀ ಅಥವಾ ಹಲವು ದಿನ ಮುಂದುವರಿಯುವ ಚಳಿಯೇ ಅಪಾಯಕಾರಿ.

ಕೊಳವೆ ಬಿರಿಯುವ ಬಗೆ

ಕೊಳವೆಯೊಳಗಿನ ನೀರು 0 °C ತಲುಪಿದ ಕೂಡಲೇ ಗಟ್ಟಿಯಾಗುವುದಿಲ್ಲ. ನಿಶ್ಚಲವಾದ ನೀರು ಹೆಪ್ಪುಗಟ್ಟುವ ಬಿಂದುವಿಗಿಂತ ಕೆಲವು ಡಿಗ್ರಿಗಳಷ್ಟು ಕೆಳಗೆ ದ್ರವರೂಪದಲ್ಲಿಯೇ ಉಳಿಯಬಲ್ಲದು. ಇದನ್ನು ಅತಿಶೀತಲ ಸ್ಥಿತಿ ಎನ್ನಲಾಗುತ್ತದೆ. ಬಳಿಕ ಒಮ್ಮೆಲೇ ಜರೀಗಿಡದ ಎಲೆಯಂತೆ ಕವಲೊಡೆದ ತೆಳುವಾದ ಹಿಮಹರಳುಗಳು ನೀರಿನುದ್ದಕ್ಕೂ ಹಬ್ಬುತ್ತವೆ. ಈ ಹಂತದಲ್ಲಿ ಗಟ್ಟಿಯಾಗಿರುವುದು ನೀರಿನ ಅಲ್ಪಭಾಗ ಮಾತ್ರವಾದರೂ ಹರಿವು ನಿಂತುಹೋಗಬಹುದು. ಕೆನಡಾದ ಸಂಶೋಧಕ ಆರ್. ಆರ್. ಗಿಲ್ಪಿನ್ 1970ರ ದಶಕದ ಉತ್ತರಾರ್ಧದಲ್ಲಿ ಈ ಪ್ರಕ್ರಿಯೆಯನ್ನು ಪ್ರಯೋಗಗಳ ಮೂಲಕ ವಿವರಿಸಿದರು. ಅನಂತರ ಕೊಳವೆಯ ಒಳಗೋಡೆಯಿಂದ ನಡುವಿನತ್ತ ಮಂಜುಗಡ್ಡೆ ಉಂಗುರದಂತೆ ಬೆಳೆದು ಬಿರಡೆಯಾಗುತ್ತದೆ.

ಮಂಜುಗಡ್ಡೆಯು ಒಳಗಿನಿಂದ ಗೋಡೆಯನ್ನು ಹೊರಕ್ಕೆ ತಳ್ಳುವುದರಿಂದಲೇ ಕೊಳವೆ ಒಡೆಯುತ್ತದೆ ಎಂಬ ನಂಬಿಕೆ ವ್ಯಾಪಕವಾಗಿದೆ. ಆದರೆ ಮನೆಯ ಕೊಳವೆಗಳಲ್ಲಿ ಹೆಚ್ಚಾಗಿ ನಡೆಯುವುದು ಬೇರೆ. ಮಂಜುಗಡ್ಡೆಯ ಬಿರಡೆಯು ಕೊಳವೆಯ ಉದ್ದಕ್ಕೆ ಬೆಳೆಯುತ್ತಾ ಮುಂದಿರುವ ನೀರನ್ನು ನಲ್ಲಿಯ ಕಡೆಗೆ ಒತ್ತುತ್ತದೆ. ಮುಖ್ಯ ಕೊಳವೆಯ ಕಡೆಗೆ ಒತ್ತಲ್ಪಟ್ಟ ನೀರಿಗೆ ಹಿಂದೆ ಸರಿಯಲು ಸಾಮಾನ್ಯವಾಗಿ ಅವಕಾಶವಿರುತ್ತದೆ. ಮುಚ್ಚಿದ ನಲ್ಲಿ ಮತ್ತು ಬಿರಡೆಯ ನಡುವೆ ಸಿಲುಕಿದ ನೀರಿಗೆ ಆ ಅವಕಾಶವಿಲ್ಲ. ದ್ರವರೂಪದ ನೀರು ಬಹುಮಟ್ಟಿಗೆ ಕುಗ್ಗದ ವಸ್ತುವಾದ್ದರಿಂದ ಅಲ್ಲಿ ಒತ್ತಡವು ವೇಗವಾಗಿ ಏರಿ, ಕೊಳವೆಯು ತನ್ನ ದುರ್ಬಲವಾದ ಜಾಗದಲ್ಲಿ ಬಿರಿಯುತ್ತದೆ. ಹೀಗಾಗಿ ಬಿರುಕು ಹಲವು ವೇಳೆ ಮಂಜುಗಡ್ಡೆ ಕಟ್ಟಿದ ಜಾಗದಲ್ಲಿರದೆ ಅಲ್ಲಿಂದ ದೂರದಲ್ಲಿ ಕಾಣಿಸುತ್ತದೆ. ಅಮೆರಿಕದ ಇಲಿನಾಯ್ ವಿಶ್ವವಿದ್ಯಾಲಯದ ಕಟ್ಟಡ ಸಂಶೋಧನಾ ವಿಭಾಗವು 1990ರ ದಶಕದಲ್ಲಿ ನಡೆಸಿದ ಪ್ರಯೋಗಗಳು ಈ ವಿವರಣೆಯನ್ನು ದೃಢಪಡಿಸಿದವು.

ಬಿರಿದ ಕೊಳವೆಯು ತಕ್ಷಣ ಸೋರದೆ ಇರಬಹುದು. ಮಂಜುಗಡ್ಡೆಯೇ ಬಿರಡೆಯಾಗಿ ನೀರನ್ನು ತಡೆದಿರುತ್ತದೆ. ಹವೆ ಬೆಚ್ಚಗಾಗಿ ಅದು ಕರಗಿದಾಗ ಮಾತ್ರ ನೀರು ಹೊರನುಗ್ಗುತ್ತದೆ. ಆದ್ದರಿಂದ ಹಾನಿಯು ಬೆಳಕಿಗೆ ಬರುವುದು ಚಳಿಯ ದಿನಗಳಲ್ಲಿ ಅಲ್ಲ, ಚಳಿ ಇಳಿದ ಮೇಲೆ.

ಅಪಾಯಕ್ಕೆ ಒಳಗಾಗುವ ಭಾಗಗಳು

ಬಿಸಿಮಾಡದ ಅಟ್ಟ, ನೆಲಮಾಳಿಗೆ, ಗ್ಯಾರೇಜು, ನೆಲಹಾಸಿನ ಕೆಳಗಿನ ಟೊಳ್ಳು ಜಾಗ, ಹೊರಗೋಡೆಯೊಳಗೆ ಹಾಯ್ದಿರುವ ಕೊಳವೆ ಹಾಗೂ ಅಂಗಳದ ನಲ್ಲಿಗಳು ಮೊದಲು ಹೆಪ್ಪುಗಟ್ಟುತ್ತವೆ. ಹೊರಗೋಡೆಗೆ ಅಂಟಿಕೊಂಡಿರುವ ಅಡುಗೆಮನೆಯ ಸಿಂಕಿನ ಕೆಳಗಿನ ಕಪಾಟು ಮುಚ್ಚಿದ್ದರೆ ಒಳಗಿನ ಬೆಚ್ಚನೆಯ ಗಾಳಿ ಅಲ್ಲಿಗೆ ತಲುಪದೆ ಆ ಕೊಳವೆಗಳೂ ಅಪಾಯಕ್ಕೆ ಸಿಲುಕುತ್ತವೆ.

ಇಲಿನಾಯ್ ಅಧ್ಯಯನವು ಉಷ್ಣನಿರೋಧಕ ಹೊದಿಕೆಯಿಲ್ಲದ ಅಟ್ಟದ ಕೊಳವೆಗಳಿಗೆ ಹೊರಗಿನ ಉಷ್ಣತೆ ಸುಮಾರು −7 °C ಗೆ ಇಳಿಯುವುದನ್ನು ಎಚ್ಚರಿಕೆಯ ಮಟ್ಟವೆಂದು ಗುರುತಿಸಿತು. ಗಾಳಿ ಬೀಸುತ್ತಿದ್ದರೆ ಅಥವಾ ಗೋಡೆಯಲ್ಲಿ ಸಂದುಗಳಿದ್ದರೆ ಇದಕ್ಕಿಂತ ಹೆಚ್ಚಿನ ಉಷ್ಣತೆಯಲ್ಲಿಯೂ ಕೊಳವೆ ಹೆಪ್ಪುಗಟ್ಟಬಹುದು. ಗಾಳಿಯು ಕೊಳವೆಯನ್ನು ಹೊರಗಿನ ಉಷ್ಣತೆಗಿಂತ ಕೆಳಕ್ಕೆ ತಣಿಸಲಾರದು. ಆದರೆ ಶಾಖ ಕಳೆದುಹೋಗುವ ವೇಗವನ್ನು ಬಹಳವಾಗಿ ಹೆಚ್ಚಿಸುತ್ತದೆ. ತಂತಿ ಅಥವಾ ಕೊಳವೆ ಒಳಬರುವ ಕಡೆಯ ಚಿಕ್ಕ ರಂಧ್ರದಿಂದ ನುಗ್ಗುವ ಶೀತಗಾಳಿಯೂ ಕೊಳವೆಯ ಒಂದು ಭಾಗವನ್ನು ಹೆಪ್ಪುಗಟ್ಟಿಸಲು ಸಾಕಾಗುತ್ತದೆ.

ತಡೆಗಟ್ಟುವ ಕ್ರಮಗಳು

ನಿರ್ಮಾಣದ ಹಂತದಲ್ಲಿ

ಶೀತಪ್ರದೇಶಗಳಲ್ಲಿ ನೀರಿನ ಕೊಳವೆಗಳನ್ನು ಚಳಿಗಾಲದಲ್ಲಿ ನೆಲ ಹೆಪ್ಪುಗಟ್ಟುವ ಆಳಕ್ಕಿಂತ ಕೆಳಗೆ ಹೂಳಲಾಗುತ್ತದೆ. ಬ್ರಿಟನ್ನಿನಲ್ಲಿ ಮನೆಗೆ ನೀರು ತರುವ ಕೊಳವೆಯನ್ನು ಕನಿಷ್ಠ 750 ಮಿಲಿಮೀಟರ್ ಆಳದಲ್ಲಿ ಹೂಳುವುದು ವಾಡಿಕೆ. ಹೆಚ್ಚು ಚಳಿಯಿರುವ ದೇಶಗಳಲ್ಲಿ ಈ ಆಳ ಇನ್ನೂ ಹೆಚ್ಚು. ಕಟ್ಟಡದೊಳಗೆ ಕೊಳವೆಗಳನ್ನು ಹೊರಗೋಡೆಯ ಬದಲು ಒಳಗೋಡೆಗಳ ಮೂಲಕ ಒಯ್ಯುವುದು ಉತ್ತಮ. ಅಂಗಳಕ್ಕೆ ಹಿಮನಿರೋಧಕ ನಲ್ಲಿಗಳನ್ನು ಅಳವಡಿಸಲಾಗುತ್ತದೆ. ಇವುಗಳ ತಿರುಗುಹಿಡಿ ಹೊರಗಿದ್ದರೂ ನೀರನ್ನು ತಡೆಯುವ ವಾಲ್ವ್ ಗೋಡೆಯ ಒಳಗಿನ ಬೆಚ್ಚನೆಯ ಭಾಗದಲ್ಲಿರುತ್ತದೆ ಮತ್ತು ನಲ್ಲಿ ಮುಚ್ಚಿದಾಗ ಉಳಿದ ನೀರು ಇಳಿಜಾರಿನಲ್ಲಿ ಹೊರಗೆ ಹರಿದುಹೋಗುತ್ತದೆ. ರಬ್ಬರ್ ಪೈಪನ್ನು ಕಳಚದೆ ಬಿಟ್ಟರೆ ಆ ನೀರು ಹೊರಹೋಗದೆ ಈ ನಲ್ಲಿಯೂ ಒಡೆಯುತ್ತದೆ.

ಪೆಕ್ಸ್ ಎಂದು ಕರೆಯಲಾಗುವ ಪ್ಲಾಸ್ಟಿಕ್ ಕೊಳವೆಗಳು ಸ್ವಲ್ಪ ಹಿಗ್ಗಬಲ್ಲವಾದ್ದರಿಂದ ತಾಮ್ರ ಅಥವಾ ಉಕ್ಕಿನ ಕೊಳವೆಗಳಿಗಿಂತ ಹೆಚ್ಚು ತಾಳಿಕೊಳ್ಳುತ್ತವೆ. ಆದರೂ ಅವುಗಳ ಲೋಹದ ಜೋಡಣೆಗಳು ಒಡೆಯುವ ಸಾಧ್ಯತೆ ಇದ್ದೇ ಇರುತ್ತದೆ.

ಚಳಿಗಾಲಕ್ಕೆ ಮುನ್ನ

ತೆರೆದ ಕೊಳವೆಗಳಿಗೆ ಫೋಮ್ ಅಥವಾ ಗಾಜಿನ ನಾರಿನ ಹೊದಿಕೆ ಸುತ್ತಲಾಗುತ್ತದೆ. ಹೊದಿಕೆಯು ಶಾಖವನ್ನು ಉತ್ಪಾದಿಸುವುದಿಲ್ಲ. ಶಾಖ ಕಳೆದುಹೋಗುವುದನ್ನು ನಿಧಾನಗೊಳಿಸುತ್ತದೆ ಅಷ್ಟೆ. ನೀರು ನಿಂತೇ ಇದ್ದು ಚಳಿಯು ದಿನಗಟ್ಟಲೆ ಮುಂದುವರಿದರೆ ಹೊದಿಕೆಯೊಂದರಿಂದಲೇ ರಕ್ಷಣೆ ದೊರೆಯದು. ಅಟ್ಟದಲ್ಲಿ ಹೊದಿಕೆಯನ್ನು ಕೊಳವೆಯ ಕೆಳಗೆ ಹಾಸುವುದಕ್ಕಿಂತ ಕೊಳವೆಯ ಮೇಲೆ ಹಾಸಬೇಕು. ಇಲ್ಲವಾದಲ್ಲಿ ಕೆಳಗಿನ ಕೋಣೆಯಿಂದ ಏರುವ ಶಾಖವೂ ಕೊಳವೆಗೆ ತಲುಪದೆ ಪರಿಸ್ಥಿತಿ ಇನ್ನಷ್ಟು ಹದಗೆಡುತ್ತದೆ.

ಗೋಡೆಯ ಸಂದುಗಳನ್ನು ಮುಚ್ಚುವುದು ಹೊದಿಕೆಯಷ್ಟೇ ಮುಖ್ಯ. ಹೆಚ್ಚು ಅಪಾಯದ ಜಾಗಗಳಲ್ಲಿ ವಿದ್ಯುತ್ತಿನಿಂದ ಬಿಸಿಯಾಗುವ ತಾಪನ ಕೇಬಲ್‌ಗಳನ್ನು ಬಳಸಲಾಗುತ್ತದೆ. ಇವುಗಳನ್ನು ತಯಾರಕರ ಸೂಚನೆಯಂತೆಯೇ ಅಳವಡಿಸಬೇಕು. ಸ್ಥಿರಶಕ್ತಿಯ ಕೇಬಲ್‌ಗಳನ್ನು ಒಂದರ ಮೇಲೊಂದು ಸುತ್ತಿದರೆ ಅತಿಯಾಗಿ ಬಿಸಿಯಾಗಿ ಬೆಂಕಿ ಹೊತ್ತಿಕೊಳ್ಳುವ ಅಪಾಯವಿದೆ. ಮುಖ್ಯ ವಾಲ್ವ್ ಎಲ್ಲಿದೆ, ಅದು ಸರಾಗವಾಗಿ ತಿರುಗುತ್ತದೆಯೇ ಎಂಬುದನ್ನು ಮನೆಯವರೆಲ್ಲರೂ ಮೊದಲೇ ತಿಳಿದಿರುವುದು ಅಗತ್ಯ.

ತೀವ್ರ ಚಳಿಯ ದಿನಗಳಲ್ಲಿ

* ಹಗಲು ರಾತ್ರಿಗಳೆರಡರಲ್ಲಿಯೂ ಮನೆಯ ಉಷ್ಣತೆಯನ್ನು ಒಂದೇ ಮಟ್ಟದಲ್ಲಿ ಇರಿಸುವುದು.
* ಸಿಂಕಿನ ಕೆಳಗಿನ ಕಪಾಟಿನ ಬಾಗಿಲುಗಳನ್ನು ತೆರೆದಿಡುವುದು. ಮಕ್ಕಳಿರುವ ಮನೆಗಳಲ್ಲಿ ಅಲ್ಲಿರುವ ಶುಚಿಕಾರಕ ರಾಸಾಯನಿಕಗಳನ್ನು ಮೊದಲು ತೆಗೆದಿರಿಸಬೇಕು.
* ನೀರಿನ ಕೊಳವೆಗಳಿರುವ ಗ್ಯಾರೇಜಿನ ಬಾಗಿಲನ್ನು ಮುಚ್ಚಿರುವುದು.
* ಅಪಾಯದಲ್ಲಿರುವ ಕೊಳವೆಗಳ ನಲ್ಲಿಗಳಿಂದ ನೀರು ತೆಳ್ಳಗೆ ತೊಟ್ಟಿಕ್ಕುವಂತೆ ಬಿಡುವುದು.

ಕೊನೆಯ ಕ್ರಮದಿಂದ ಎರಡು ಪ್ರಯೋಜನಗಳಿವೆ. ಹರಿದುಬರುವ ನೀರು ಸ್ವಲ್ಪ ಶಾಖವನ್ನು ತರುತ್ತದೆ. ಅದಕ್ಕಿಂತ ಮುಖ್ಯವಾಗಿ, ಮಂಜುಗಡ್ಡೆ ಕಟ್ಟಿದರೂ ತೆರೆದ ನಲ್ಲಿಯ ಮೂಲಕ ಒತ್ತಡವು ಬಿಡುಗಡೆಯಾಗುವುದರಿಂದ ಕೊಳವೆ ಬಿರಿಯುವುದಿಲ್ಲ. ಆದರೆ ಇಡೀ ನಗರದ ಜನರು ಒಮ್ಮೆಲೇ ನಲ್ಲಿಗಳನ್ನು ತೆರೆದಿಟ್ಟರೆ ಪೂರೈಕೆಯ ಒತ್ತಡ ಕುಸಿಯಬಹುದು. ಆದ್ದರಿಂದ ಸ್ಥಳೀಯ ಆಡಳಿತದ ಸೂಚನೆಯನ್ನು ಗಮನಿಸಬೇಕಾಗುತ್ತದೆ.

ಮನೆ ಖಾಲಿ ಇರುವಾಗ

ಪ್ರವಾಸಕ್ಕೆ ಹೋಗುವಾಗಲೂ ಮನೆಯ ಉಷ್ಣತೆಯನ್ನು ಸುಮಾರು 13 °C ಗಿಂತ ಕೆಳಗಿಳಿಸಬಾರದೆಂದು ಅಮೆರಿಕನ್ ರೆಡ್ ಕ್ರಾಸ್ ಸಲಹೆ ನೀಡುತ್ತದೆ. ದೀರ್ಘಕಾಲ ಬೀಗ ಹಾಕುವ ಮನೆಗಳಲ್ಲಿ ಮುಖ್ಯ ವಾಲ್ವನ್ನು ಮುಚ್ಚಿ, ಎಲ್ಲ ನಲ್ಲಿಗಳನ್ನು ತೆರೆದು ಕೊಳವೆಗಳನ್ನು ಬರಿದು ಮಾಡುವುದು ಹೆಚ್ಚು ಖಚಿತವಾದ ಮಾರ್ಗ. ವಾಹನಗಳಲ್ಲಿ ಬಳಸುವ ಎಥಿಲೀನ್ ಗ್ಲೈಕಾಲ್ ದ್ರಾವಣವು ವಿಷಕಾರಿಯಾದ್ದರಿಂದ ಅದನ್ನು ಕುಡಿಯುವ ನೀರಿನ ಕೊಳವೆಗಳಿಗೆ ಹಾಕಬಾರದು.

ಹೆಪ್ಪುಗಟ್ಟಿದ ಕೊಳವೆಯನ್ನು ಕರಗಿಸುವುದು

ನಲ್ಲಿ ತೆರೆದಾಗ ನೀರು ಬಾರದಿರುವುದು ಅಥವಾ ಹನಿಹನಿಯಾಗಿ ಮಾತ್ರ ಬರುವುದು ಹೆಪ್ಪುಗಟ್ಟುವಿಕೆಯ ಮೊದಲ ಲಕ್ಷಣ. ಕೊಳವೆಯ ಹೊರಮೈಯಲ್ಲಿ ಹಿಮ ಕಟ್ಟಿರುವುದೂ ಕಾಣಬಹುದು. ಇಂತಹ ಸಂದರ್ಭದಲ್ಲಿ ನಲ್ಲಿಯನ್ನು ತೆರೆದಿಟ್ಟು, ನಲ್ಲಿಯ ಕಡೆಯಿಂದ ಆರಂಭಿಸಿ ಹೆಪ್ಪುಗಟ್ಟಿದ ಭಾಗದತ್ತ ನಿಧಾನವಾಗಿ ಬಿಸಿಮಾಡಬೇಕು. ಹೀಗೆ ಮಾಡಿದಾಗ ಕರಗಿದ ನೀರು ಹೊರಹೋಗಲು ದಾರಿ ಇರುತ್ತದೆ. ಬಿಸಿನೀರಿನಲ್ಲಿ ಅದ್ದಿದ ಬಟ್ಟೆ, ತಲೆಗೂದಲು ಒಣಗಿಸುವ ಡ್ರೈಯರ್ ಅಥವಾ ವಿದ್ಯುತ್ ಶಾಖದ ಪಟ್ಟಿಯನ್ನು ಇದಕ್ಕೆ ಬಳಸಬಹುದು. ಸುತ್ತಲೂ ನೀರು ನಿಂತಿದ್ದರೆ ವಿದ್ಯುತ್ ಉಪಕರಣಗಳನ್ನು ಬಳಸಬಾರದು.

ಬ್ಲೋಟಾರ್ಚ್ ಹಾಗೂ ಬೇರಾವುದೇ ತೆರೆದ ಜ್ವಾಲೆಯನ್ನು ಬಳಸುವುದು ಅಪಾಯಕಾರಿ. ಗೋಡೆಯೊಳಗಿನ ಮರಕ್ಕೆ ಬೆಂಕಿ ತಗುಲಿ ಇಡೀ ಮನೆ ಸುಟ್ಟುಹೋಗಬಹುದು; ಮುಚ್ಚಿದ ಭಾಗದ ನೀರು ಆವಿಯಾಗಿ ಕೊಳವೆ ಸಿಡಿಯಲೂಬಹುದು. ಇದ್ದಿಲ ಒಲೆ ಅಥವಾ ಜನರೇಟರನ್ನು ಮನೆಯೊಳಗೆ ಇರಿಸಿದರೆ ವಾಸನೆಯಿಲ್ಲದ ಕಾರ್ಬನ್ ಮೊನಾಕ್ಸೈಡ್ ಅನಿಲದಿಂದ ಸಾವು ಸಂಭವಿಸಬಹುದು. ಕೊಳವೆ ಬಿರಿದಿರುವುದು ಕಂಡುಬಂದರೆ ಮೊದಲು ಮುಖ್ಯ ವಾಲ್ವನ್ನು ಮುಚ್ಚಬೇಕು.

ಪ್ರಮುಖ ಘಟನೆಗಳು

2010ರ ಡಿಸೆಂಬರಿನಲ್ಲಿ ಉತ್ತರ ಐರ್ಲೆಂಡಿನಲ್ಲಿ ತೀವ್ರ ಚಳಿ ಉಂಟಾಗಿ, ಕಾಸಲ್‌ಡರ್ಗ್ ಎಂಬಲ್ಲಿ −18.7 °C ದಾಖಲಾಯಿತು. ಕ್ರಿಸ್ಮಸ್ ಬಳಿಕ ಹವೆ ದಿಢೀರನೆ ಬೆಚ್ಚಗಾದಾಗ ಅಸಂಖ್ಯ ಕೊಳವೆಗಳು ಒಂದೇ ಸಮಯಕ್ಕೆ ಸೋರತೊಡಗಿದವು. ರಜೆಯ ನಿಮಿತ್ತ ಮುಚ್ಚಿದ್ದ ಕಟ್ಟಡಗಳಲ್ಲಿನ ಸೋರಿಕೆ ಬೇಗನೆ ಗಮನಕ್ಕೆ ಬರಲಿಲ್ಲ. ಜಲಾಶಯಗಳ ಮಟ್ಟ ಕುಸಿದು ಹತ್ತಾರು ಸಾವಿರ ಮನೆಗಳಿಗೆ ನೀರಿಲ್ಲದಂತಾಯಿತು. ಸ್ಕಾಟ್ಲೆಂಡಿನಿಂದ ಬಾಟಲಿ ನೀರನ್ನು ತರಿಸಬೇಕಾಯಿತು. ನೀರು ಪೂರೈಕೆ ಸಂಸ್ಥೆಯ ಮುಖ್ಯಸ್ಥರು 2011ರ ಜನವರಿಯಲ್ಲಿ ರಾಜೀನಾಮೆ ನೀಡಿದರು.

2021ರ ಫೆಬ್ರವರಿಯಲ್ಲಿ ಅಮೆರಿಕದ ಟೆಕ್ಸಾಸ್ ರಾಜ್ಯವನ್ನು ಅಪ್ಪಳಿಸಿದ ಶೀತಮಾರುತದ ವೇಳೆ 45 ಲಕ್ಷಕ್ಕೂ ಹೆಚ್ಚು ಮನೆ ಮತ್ತು ವ್ಯಾಪಾರಸ್ಥಳಗಳಿಗೆ ವಿದ್ಯುತ್ ಕಡಿತಗೊಂಡಿತು. ಬೇಸಿಗೆಯನ್ನು ಗಮನದಲ್ಲಿಟ್ಟು ಕಟ್ಟಿದ ಅಲ್ಲಿನ ಅನೇಕ ಮನೆಗಳಲ್ಲಿ ಕೊಳವೆಗಳು ಅಟ್ಟದ ಮೂಲಕವೋ ಹೊರಗೋಡೆಯ ಮೂಲಕವೋ ಹಾಯ್ದಿದ್ದವು. ವಿದ್ಯುತ್ತಿಲ್ಲದೆ ಮನೆಗಳು ತಣ್ಣಗಾದಂತೆ ಕೊಳವೆಗಳು ಬಿರಿದವು. ಶುದ್ಧೀಕರಣ ಘಟಕಗಳೂ ಸ್ಥಗಿತಗೊಂಡು, ನೀರಿನ ಒತ್ತಡ ಕುಸಿದು, ನೀರನ್ನು ಕುದಿಸಿಯೇ ಬಳಸುವಂತೆ ಲಕ್ಷಾಂತರ ಜನರಿಗೆ ಸೂಚಿಸಲಾಯಿತು. ರಾಜ್ಯದ ಆರೋಗ್ಯ ಇಲಾಖೆಯು ಈ ದುರಂತಕ್ಕೆ ಸಂಬಂಧಿಸಿದ 246 ಸಾವುಗಳನ್ನು ದಾಖಲಿಸಿತು. ಇವುಗಳಲ್ಲಿ ಹೆಚ್ಚಿನವು ದೇಹದ ಉಷ್ಣತೆ ಕುಸಿದು ಸಂಭವಿಸಿದವು. ಮನೆಯನ್ನು ಬೆಚ್ಚಗಿಡುವ ವಿದ್ಯುತ್ತೇ ಇಲ್ಲವಾದಾಗ, ಅದನ್ನು ನಂಬಿದ ಮುನ್ನೆಚ್ಚರಿಕೆಗಳು ಎಷ್ಟರಮಟ್ಟಿಗೆ ನಿಷ್ಪ್ರಯೋಜಕವಾಗುತ್ತವೆ ಎಂಬುದನ್ನು ಈ ಘಟನೆ ತೋರಿಸಿತು.

ಭಾರತದಲ್ಲಿ

ಭಾರತದಲ್ಲಿ ಈ ಸಮಸ್ಯೆಯು ಮುಖ್ಯವಾಗಿ ಲಡಾಖ್, ಕಾಶ್ಮೀರ ಕಣಿವೆ, ಹಿಮಾಚಲ ಪ್ರದೇಶದ ಲಾಹೌಲ್–ಸ್ಪಿತಿ ಮುಂತಾದ ಕಡೆಗಳಲ್ಲಿ ಕಂಡುಬರುತ್ತದೆ. ಕಾಶ್ಮೀರದಲ್ಲಿ ಡಿಸೆಂಬರ್ 21ರಿಂದ ಆರಂಭವಾಗುವ 40 ದಿನಗಳ ಕಡುಚಳಿಯ ಅವಧಿಯನ್ನು ‘ಚಿಲ್ಲಾಯ್ ಕಲಾನ್’ ಎಂದು ಕರೆಯಲಾಗುತ್ತದೆ. 2021ರ ಜನವರಿಯಲ್ಲಿ ಶ್ರೀನಗರದ ಉಷ್ಣತೆ −8.4 °C ಗೆ ಇಳಿದಿತ್ತು. ಇಂತಹ ದಿನಗಳಲ್ಲಿ ಬೆಳಿಗ್ಗೆ ಕೊಳವೆಗಳ ಬಳಿ ಬೆಂಕಿ ಹಾಕಿ ಅಥವಾ ಬಿಸಿನೀರು ಸುರಿದು ಮಂಜುಗಡ್ಡೆ ಕರಗಿಸುವುದು ಅಲ್ಲಿ ಸಾಮಾನ್ಯ ದೃಶ್ಯ.

ಲೇಹ್ ಮತ್ತು ದ್ರಾಸ್‌ಗಳಲ್ಲಿ ಉಷ್ಣತೆಯು −20 °C ಅಥವಾ ಅದಕ್ಕೂ ಕೆಳಗಿಳಿಯಬಲ್ಲದು. ಮೇಲ್ಮೈಗೆ ಸಮೀಪವಿರುವ ಕೊಳವೆಗಳು ಅಲ್ಲಿ ಚಳಿಗಾಲವಿಡೀ ನಿರುಪಯುಕ್ತವಾಗುವುದರಿಂದ ಕೈಪಂಪು ಹಾಗೂ ಟ್ಯಾಂಕರುಗಳನ್ನು ಅವಲಂಬಿಸಬೇಕಾಗುತ್ತದೆ. ಲಡಾಖಿನಲ್ಲಿ ಸೋನಮ್ ವಾಂಗ್‌ಚುಕ್ ರೂಪಿಸಿದ ಹಿಮಸ್ತೂಪಗಳಿಗೆ ನೀರು ತರುವ ಕೊಳವೆಗಳಿಗೂ ಇದೇ ತೊಡಕು ಎದುರಾಗುತ್ತದೆ: ನೀರು ಕೊಳವೆಯ ಹೊರಗೆ ಹೆಪ್ಪುಗಟ್ಟಬೇಕು, ಆದರೆ ಒಳಗೆ ಹೆಪ್ಪುಗಟ್ಟಬಾರದು.

ಕರ್ನಾಟಕದ ಹವೆಯಲ್ಲಿ ಕೊಳವೆಗಳು ಹೆಪ್ಪುಗಟ್ಟುವುದಿಲ್ಲ. ಇಲ್ಲಿ ಮನೆಯ ಮೇಲಿನ ಟ್ಯಾಂಕು ಮತ್ತು ಹೊರಗೋಡೆಯ ಮೇಲೆ ತೆರೆದ ಕೊಳವೆಗಳು ಸಾಮಾನ್ಯವಾಗಿರುವುದಕ್ಕೆ ಇದೂ ಒಂದು ಕಾರಣ. ಶೀತದೇಶಗಳಿಗೆ ವಲಸೆ ಹೋಗುವ ಕನ್ನಡಿಗರಿಗೆ ಮನೆಯ ಮುಖ್ಯ ವಾಲ್ವ್ ಎಲ್ಲಿದೆ ಎಂದು ಮೊದಲ ಚಳಿಗಾಲಕ್ಕೆ ಮುನ್ನವೇ ತಿಳಿದುಕೊಳ್ಳುವುದು ಆದ್ದರಿಂದ ಮುಖ್ಯವಾಗುತ್ತದೆ.

ಇವನ್ನೂ ನೋಡಿ

* ಮಂಜುಗಡ್ಡೆ
* ಗುಪ್ತೋಷ್ಣ
* ಉಷ್ಣ ನಿರೋಧನ
* ಲಡಾಖ್