ಸಿಂಪರಣೆಗೆ ಮುನ್ನ ಆರೋಗ್ಯ ಚೀಟಿ

ಐಹೊಳೆ ಸುತ್ತಿನಲ್ಲಿ ಹತ್ತಿ, ತೊಗರಿ, ಕಡಲೆಗೆ ಎಣ್ಣೆ ಹೊಡೆಯುವಾಗ ವಿಷವೇರಿದವನಿಗೆ ಹುನಗುಂದ ಇಲ್ಲವೆ ಬಾಗಲಕೋಟೆಯ ಆಸ್ಪತ್ರೆ ಮುಟ್ಟುವಷ್ಟರಲ್ಲಿ ಮಾತೇ ನಿಲ್ಲಬಹುದು. ಯಾವ ಔಷಧಿ ಎಂದು ವೈದ್ಯರು ಕೇಳಿದಾಗ ‘ಹುಳದ ಎಣ್ಣೆ’ ಎಂದರೆ ಸಾಲದು. ಕ್ಲೋರ್‌ಪೈರಿಫಾಸ್, ಪ್ರೊಫೆನೊಫಾಸ್‌ನಂತಹ ರಂಜಕಯುಕ್ತ ಕೀಟನಾಶಕಗಳ ವಿಷಕ್ಕೆ ಅಟ್ರೋಪಿನ್ ಪ್ರತಿವಿಷವಾಗಿದೆ. ಸೈಪರ್‌ಮೆಥ್ರಿನ್‌ಗೆ ಅಂತಹ ನಿರ್ದಿಷ್ಟ ಪ್ರತಿವಿಷವಿಲ್ಲ. ಆದ್ದರಿಂದ ಹೆಸರು ತಿಳಿಯುವುದು ಅತ್ಯಗತ್ಯ.

ಮನೆಯ ಪ್ರತಿಯೊಬ್ಬರಿಗೂ ಒಂದೊಂದು ಚೀಟಿ ಬರೆದಿಡಿರಿ. ಅದರಲ್ಲಿ ಈ ವಿವರಗಳಿರಲಿ:

1. ಹೆಸರು, ವಯಸ್ಸು, ಊರು, ಹತ್ತಿರದ ಸಂಬಂಧಿಕರ ಫೋನ್ ಸಂಖ್ಯೆ.
2. ಸಕ್ಕರೆ ಕಾಯಿಲೆ, ರಕ್ತದೊತ್ತಡ, ಮೂರ್ಛೆರೋಗ, ಹೃದ್ರೋಗಗಳಿದ್ದರೆ ಅವು. ದಿನಾಲೂ ನುಂಗುವ ಗುಳಿಗೆಗಳ ಹೆಸರು, ಪ್ರಮಾಣ.
3. ಮೈಗೆ ಒಗ್ಗದ ಔಷಧಿಗಳು.
4. ಪರೀಕ್ಷೆ ಮಾಡಿಸಿದ್ದರೆ ರಕ್ತದ ಗುಂಪು.

ಸಿಂಪರಣೆಯ ದಿನ ಡಬ್ಬಿ ತೆರೆಯುವ ಮೊದಲೇ ಔಷಧಿಯ ಹೆಸರನ್ನೂ ವೇಳೆಯನ್ನೂ ಚೀಟಿಯ ಹಿಂಬದಿಗೆ ಬರೆಯಿರಿ. ಚೀಟಿಯನ್ನು ಪ್ಲಾಸ್ಟಿಕ್ ಹಾಳೆಯಲ್ಲಿ ಸುತ್ತಿ ಬುತ್ತಿ ಚೀಲದಲ್ಲಿಡಿರಿ. ಇನ್ನೊಂದು ಪ್ರತಿ ಮನೆಯಲ್ಲಿರಲಿ. ಔಷಧಿ ಡಬ್ಬಿಯನ್ನು ಮಾತ್ರ ಬುತ್ತಿಯ ಹತ್ತಿರ ಇಡಲೇಬಾರದು.

ವಿಪರೀತ ಬೆವರು, ಜೊಲ್ಲು, ವಾಂತಿ, ಉಸಿರಾಟದ ತೊಂದರೆ ಕಂಡರೆ ಕೂಡಲೇ 108ಕ್ಕೆ ಕರೆಮಾಡಿ. ವಿಷ ತಗುಲಿದ ಬಟ್ಟೆ ತೆಗೆದು ಮೈಯನ್ನು ಸಾಬೂನು ನೀರಿನಿಂದ ತೊಳೆಯಿರಿ. ತೊಳೆಯುವವರು ಕೈಚೀಲ ಧರಿಸಿರಬೇಕು. ಬಲವಂತದಿಂದ ವಾಂತಿ ಮಾಡಿಸಬೇಡಿ. ಮುಚ್ಚಳ ಬಿಗಿದ ಡಬ್ಬಿ, ಅದರೊಡನೆ ಬಂದ ಮಾಹಿತಿ ಪತ್ರ ಮತ್ತು ಚೀಟಿಯನ್ನು ವೈದ್ಯರಿಗೆ ತಲುಪಿಸಿ.

ಹಾವು ಕಚ್ಚಿದರೂ ಇದೇ ಚೀಟಿ ಉಪಯುಕ್ತ. ಕಚ್ಚಿದ ವೇಳೆಯನ್ನು ಅದರಲ್ಲಿ ಬರೆಯಿರಿ. ಹಾವನ್ನು ಹುಡುಕುತ್ತ ಹೊತ್ತು ಕಳೆಯಬೇಡಿ.

ಗುಳಿಗೆ ಬದಲಾದಾಗಲೆಲ್ಲ ಚೀಟಿಯನ್ನೂ ತಿದ್ದಿರಿ. ಮುಂಗಾರಿ, ಹಿಂಗಾರಿ ಬಿತ್ತನೆಗೆ ಮೊದಲು ಬೀಜ, ಗೊಬ್ಬರ ನೋಡಿಕೊಳ್ಳುವಂತೆ ಇದನ್ನೂ ಒಮ್ಮೆ ನೋಡಿಕೊಳ್ಳಿರಿ. ಚೀಟಿ ಎಲ್ಲಿದೆಯೆಂಬುದು ಮನೆಯ ಹೆಣ್ಣುಮಕ್ಕಳಿಗೂ ಹೊಲದ ಆಳುಗಳಿಗೂ ಗೊತ್ತಿರಲಿ.